ಎರಡು ಹಳಿ, ಒಂದು ಬಂಡಿ

ಕಳೆದ ಬೇಸಗೆಯಲ್ಲಿ ಪುಣೆಯಲ್ಲಿರುವ ಮಗನ ಮನೆಗೆ ಹೋಗಿದ್ದೆ. ಹೊಸ್ತಿಲು ದಾಟುತ್ತಿದ್ದಂತೆಯೇ ಹತ್ತು ವರ್ಷದ ಮೊಮ್ಮಗ ಕೈ ಹಿಡಿದು ಒಳಕೋಣೆಗೆ ಕರೆದೊಯ್ದ. ಅಲ್ಲಿ ಊಟದ ಮೇಜಿಗಿಂತ ತುಸು ದೊಡ್ಡದಾದ ಪ್ಲೈವುಡ್ ಹಲಗೆಯ ಮೇಲೆ ಒಂದು ಪುಟ್ಟ ಲೋಕವೇ ನೆಲೆಸಿತ್ತು. ಗುಡ್ಡ, ಸುರಂಗ, ಸೇತುವೆ, ಒಣಕಡ್ಡಿಗೆ ಹಸಿರು ಬಣ್ಣದ ಸ್ಪಂಜಿನ ಚೂರು ಅಂಟಿಸಿ ಮಾಡಿದ ಮರಗಳು. ಅವುಗಳ ನಡುವೆ ಗೇಣುದ್ದದ ಎಂಜಿನ್ನು ನಾಲ್ಕು ಡಬ್ಬಿಗಳನ್ನು ಎಳೆದುಕೊಂಡು ಸುತ್ತುತ್ತಿತ್ತು. "ಇದನ್ನ ನಾನೂ ಅಪ್ಪನೂ ಕೂಡಿ ಮಾಡೀವಿ ಅಜ್ಜಾ" ಎಂದ ಹುಡುಗ. ನಾನು ಮೆಚ್ಚಿ ತಲೆದೂಗಿದೆ. ಆದರೆ ಎದೆಯೊಳಗೆ ಹಳೆಯ ಮುಳ್ಳೊಂದು ಅಲುಗಿದಂತಾಯಿತು.

ನಾನು ಮಠದ ಪ್ರಸಾದ ನಿಲಯದಲ್ಲಿದ್ದು ಓದಿದವನು. ನಸುಕಿನಲ್ಲಿ ಏಳುವುದು, ಪಾಠ ಒಪ್ಪಿಸುವುದು, ಹೊತ್ತನ್ನು ವ್ಯರ್ಥ ಮಾಡದಿರುವುದು ಅಲ್ಲಿ ಕಲಿತ ಶಿಸ್ತು. ಆ ಶಿಸ್ತನ್ನು ಮನೆಗೂ ತಂದೆ. ಆದರೆ ಅಲ್ಲಿನ ಗುರುಗಳಿಗಿದ್ದ ಸಹನೆಯನ್ನು ತರಲಿಲ್ಲ. 1991ರಲ್ಲಿ ನಾವು ಧಾರವಾಡದಲ್ಲಿದ್ದೆವು. ಮಗನಿಗೂ ಆಗ ಇದೇ ಹತ್ತು ವರ್ಷ. ರೈಲೆಂದರೆ ಅವನಿಗೆ ಹುಚ್ಚು. ಬೆಂಕಿಪೆಟ್ಟಿಗೆ, ರಟ್ಟು, ಹರಿದ ಅಂಗಿಯ ಗುಂಡಿಗಳನ್ನು ಕೂಡಿಸಿ ಒಂದು ಬಂಡಿ ಮಾಡಿದ್ದ. ಪರೀಕ್ಷೆ ಹತ್ತಿರ ಬಂದಿತ್ತು. ಗಣಿತದ ಪುಸ್ತಕದ ಮರೆಯಲ್ಲಿ ಅದಕ್ಕೆ ಬಣ್ಣ ಹಚ್ಚುತ್ತಿದ್ದುದನ್ನು ಕಂಡು, ಸಿಟ್ಟಿನಲ್ಲಿ ಮುರಿದು ನೀರೊಲೆಗೆ ಹಾಕಿಬಿಟ್ಟೆ. ಅವನು ಅಳಲಿಲ್ಲ. ಆದರೆ ಆಮೇಲೆ ಎಂದೂ ತಾನು ಮಾಡಿದ ವಸ್ತುವೊಂದನ್ನು ನನಗೆ ತಂದು ತೋರಿಸಲಿಲ್ಲ. ಓದಿದ, ಎಂಜಿನಿಯರಾದ, ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡ. ಮಾತು ಮಾತ್ರ ಆರೋಗ್ಯ, ಮಳೆ, ಬೆಳೆಗಳಷ್ಟಕ್ಕೇ ನಿಂತಿತ್ತು.

ಮರುದಿನ ಅವರಿಬ್ಬರೂ ನನ್ನನ್ನು ಕೋಥ್ರೂಡ್ ಬಡಾವಣೆಯಲ್ಲಿರುವ ಪುಟಾಣಿ ರೈಲುಗಳ ಸಂಗ್ರಹಾಲಯಕ್ಕೆ ಕರೆದೊಯ್ದರು. ಭಾವೂ ಜೋಶಿ ಎಂದು ಹೆಸರಾದ ಬಿ. ಎಸ್. ಜೋಶಿಯವರು ಹವ್ಯಾಸವೆಂದು ಬೆಳೆಸಿದ್ದು 1998ರಲ್ಲಿ ಸಂಗ್ರಹಾಲಯವಾಯಿತು. ಅವರ ಕುಟುಂಬದವರು ಅದನ್ನು ಮುಂದುವರಿಸಿಕೊಂಡು ಬಂದರು. ಉಗಿಬಂಡಿಯಿಂದ ಹಿಡಿದು ಅತಿವೇಗದ ರೈಲಿನವರೆಗೆ ಎಲ್ಲವೂ ಅಲ್ಲಿ ಓಡುತ್ತವೆ. ದೀಪ ಆರಿಸಿದಾಗ ಇಡೀ ಪುಟ್ಟ ನಗರಕ್ಕೆ ಇರುಳಾಗಿ ಕಿಟಕಿ ಕಿಟಕಿಯಲ್ಲೂ ಬೆಳಕು ಮೂಡಿತು. ನಾನು ರೈಲುಗಳಿಗಿಂತ ಹೆಚ್ಚಾಗಿ ನೋಡುವವರ ಮುಖಗಳನ್ನು ನೋಡಿದೆ. ಅಜ್ಜನ ಮುಖಕ್ಕೂ ಮೊಮ್ಮಗನ ಮುಖಕ್ಕೂ ಅಲ್ಲಿ ವಯಸ್ಸಿನ ಭೇದವೇ ಇರಲಿಲ್ಲ.

ಮನೆಗೆ ಮರಳುವಾಗ ಮಗ ಈ ಹವ್ಯಾಸದ ಕಥೆ ಹೇಳಿದ. ಜರ್ಮನಿಯ ಗೋಪಿಂಗೆನ್ ಎಂಬ ಊರಿನಲ್ಲಿ 1859ರಲ್ಲಿ ಮಾರ್ಕ್ಲಿನ್ ಎಂಬವರು ಬೊಂಬೆಮನೆಯ ಪಾತ್ರೆ ಪಡಗಗಳನ್ನು ಮಾಡುವ ಉದ್ಯಮ ಆರಂಭಿಸಿದರಂತೆ. 1866ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಕೆರೋಲೀನ್ ಎದೆಗುಂದದೆ ಅದನ್ನು ಉಳಿಸಿದರು. 1888ರಲ್ಲಿ ಮಕ್ಕಳ ಕೈಗೆ ಬಂತು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅವರು ಹಳಿಗಳ ಸಮೇತ ರೈಲನ್ನು ಪ್ರದರ್ಶಿಸಿದರು. ಅದರ ಹೆಚ್ಚುಗಾರಿಕೆ ಎಂಜಿನ್ನಿನಲ್ಲಿರಲಿಲ್ಲ, ಹಳಿಗಳ ಅಳತೆಯಲ್ಲಿತ್ತು. ಎರಡು ಹಳಿಗಳ ನಡುವಣ ಅಂತರವನ್ನು ಅವರು ಗೊತ್ತುಮಾಡಿದರು. ಆದ್ದರಿಂದ ಈ ವರುಷ ಕೊಂಡ ಹಳಿಗೆ ಬರುವ ವರುಷದ ಹಳಿ ಜೋಡಿಸಬಹುದು. ತಂದೆ ಕೂಡಿಟ್ಟ ಹಳಿಯ ಮೇಲೆ ಮಗ ತನ್ನ ಬಂಡಿ ಓಡಿಸಬಹುದು. ಇಂದು ಬಹಳ ಬಳಕೆಯಲ್ಲಿರುವ ಎಚ್‌ಒ ಎಂಬ ಪ್ರಮಾಣದಲ್ಲಿ ಎಲ್ಲವೂ ನಿಜದ 87ನೆಯ ಒಂದು ಪಾಲು. ಹಳಿಗಳ ಅಂತರ 16.5 ಮಿಲಿಮೀಟರ್. ಎಂಜಿನ್ನು ಬದಲಾಗುತ್ತದೆ, ಡಬ್ಬಿ ಬದಲಾಗುತ್ತದೆ, ಆ ಅಂತರ ಬದಲಾಗುವುದಿಲ್ಲ. ಆಟಿಕೆಯೊಂದು ತಲೆಮಾರು ದಾಟುವ ಗುಟ್ಟು ಇದೇ.

ಅಂದು ಸಂಜೆ ಇನ್ನೊಂದು ಪಾಠವಾಯಿತು. ಮೊಮ್ಮಗ ಮರೆತು ಕತ್ತರಿಯನ್ನು ಹಳಿಗಳಿಗೆ ಅಡ್ಡವಾಗಿಟ್ಟ. ತಕ್ಷಣ ಬಂಡಿ ನಿಂತಿತು. ಮಗ ನನಗೆ ಬಿಡಿಸಿ ಹೇಳಿದ: ಅವರ ಮನೆಯ ಆ ರೈಲಿಗೆ ಹನ್ನೆರಡು ವೋಲ್ಟಿನ ವಿದ್ಯುತ್ತು ಹಳಿಗಳಿಂದಲೇ ಬರುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ಅವೆರಡೂ ನೇರವಾಗಿ ತಾಗಿದರೆ ಶಾರ್ಟ್ ಸರ್ಕ್ಯೂಟು; ಎಲ್ಲವೂ ಸ್ತಬ್ಧ. ಎಂಜಿನ್ನಿನ ಒಳಗಿನ ಮೋಟಾರಿನ ಮೂಲಕ ಸೇರಿದರೆ ಮಾತ್ರ ಬಂಡಿ ನಡೆಯುತ್ತದೆ. ನಾನು ಮೌನವಾಗಿ ಕೇಳಿದೆ. ತಂದೆ ಮಕ್ಕಳಾದ ನಾವಿಬ್ಬರೂ ಇಷ್ಟು ಕಾಲ ಎದುರುಬದುರಾದಾಗಲೆಲ್ಲ ಸ್ತಬ್ಧರಾಗುತ್ತಿದ್ದೆವು. ಈಗ ನಮ್ಮಿಬ್ಬರ ನಡುವೆ ಈ ಹುಡುಗ ಓಡಾಡುತ್ತಿದ್ದಾನೆ.

"ಅಜ್ಜಾ, ಸ್ಟೇಷನ್ನಿಗೆ ಬೋರ್ಡಿಲ್ಲ. ನಿಮ್ಮ ಅಕ್ಷರ ಛಂದ ಅದಾವಂತ ಅಪ್ಪ ಹೇಳ್ಯಾನ. ನೀವ ಬರೀರಿ" ಎಂದು ಅವನೇ ನನಗೊಂದು ಕೆಲಸ ಕೊಟ್ಟ. ನಿಜದಲ್ಲಿ ಎರಡೂವರೆ ಮೀಟರಿನ ಫಲಕ ಆ ಅಳತೆಯಲ್ಲಿ ಮೂರು ಸೆಂಟಿಮೀಟರಿಗೂ ಕಡಿಮೆ. ಹಳದಿ ಬಣ್ಣದ ರಟ್ಟಿನ ಮೇಲೆ ಸಣ್ಣ ಕುಂಚ ಹಿಡಿದು, ಕನ್ನಡಕ ಏರಿಸಿ, ಕಪ್ಪು ಬಣ್ಣದಲ್ಲಿ 'ಧಾರವಾಡ' ಎಂದು ಬರೆಯುವಷ್ಟರಲ್ಲಿ ನಾಲ್ಕು ರಟ್ಟು ಕೆಟ್ಟವು. ಕೈ ನಡುಗುತ್ತಿತ್ತು. ಮಗ ಪಕ್ಕದಲ್ಲಿ ಕುಳಿತು ರಟ್ಟನ್ನು ಅಲುಗದಂತೆ ಹಿಡಿದುಕೊಂಡ. ಆಗಲೇ ನನ್ನ ಬಾಯಿಂದ ಆ ಮಾತು ಬಂತು: "ತಮ್ಮಾ, ಅವತ್ತು ನಿನ್ನ ಬಂಡಿ ಒಲಿಗೆ ಹಾಕಿದ್ದು ನನ್ನ ತಪ್ಪು."

ಅವನು ತಲೆ ಎತ್ತದೆ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅದರ ಗಾಲಿ ಸರಿ ಕೂತಿದ್ದಿಲ್ಲ ಅಪ್ಪಾ, ಹೆಂಗೂ ಓಡತಿದ್ದಿಲ್ಲ ಬಿಡ್ರಿ" ಎಂದು ಮೆಲ್ಲಗೆ ನಕ್ಕ. ಮೂವತ್ತು ವರುಷಕ್ಕೂ ಮಿಕ್ಕಿ ಹೊತ್ತಿದ್ದ ಭಾರವನ್ನು ಅವನು ಒಂದೇ ಮಾತಿನಲ್ಲಿ ಇಳಿಸಿದ.

1990ರ ದಶಕದಲ್ಲಿ ನಮ್ಮ ಭಾಗದ ಮೀಟರ್‌ಗೇಜ್ ಹಳಿಗಳು ಹೋಗಿ 1676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಬಂದವು. ಮಗ ಬಾಲ್ಯದಲ್ಲಿ ಕಂಡ ಉಗಿಬಂಡಿ ಈಗ ಧಾರವಾಡಕ್ಕೆ ಬರುವುದಿಲ್ಲ. ಪುಣೆಯ ಆ ಹಲಗೆಯ ಮೇಲಿನ ಧಾರವಾಡಕ್ಕೆ ಮಾತ್ರ ಈಗಲೂ ಬರುತ್ತದೆ. ಮಕ್ಕಳಿಗೆ ಓದು ಬೇಕು, ಶಿಸ್ತೂ ಬೇಕು. ಆದರೆ ಮಗುವೊಂದು ತನ್ನ ಕೈಯಾರೆ ಮಾಡಿದ್ದನ್ನು ನಿಮಗೆ ತಂದು ತೋರಿಸಿದರೆ, ಓದುಗ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ನೋಡಿ. ಗಾಲಿ ಸರಿಯಾಗಿ ಕೂತಿರದಿದ್ದರೆ ಕೂಡಿಸಿಕೊಡಿ.