ಮೇಣದ ತಟ್ಟೆಯ ಮೇಲೆ ಕಡಲಮೀನು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಮಂಗಳೂರಿನ ಕಡಲಿಗೆ ಸುಮಾರು 350 ಕಿಲೋಮೀಟರ್ ದೂರದಲ್ಲಿರುವ ಉತ್ತರಹಳ್ಳಿಗೂ ಶಾರ್ಕಿಗೂ ಎತ್ತಣಿಂದೆತ್ತ ಸಂಬಂಧವೆಂದು ಯಾರಾದರೂ ಕೇಳಬಹುದು. ಆದರೆ ದಕ್ಷಿಣ ಬೆಂಗಳೂರಿನ ಈ ಭಾಗದಿಂದ ಕಾಲೇಜಿಗೆ ಹೋಗಿ ಪ್ರಾಣಿಶಾಸ್ತ್ರ ಓದಿದ ಹಿಂದಿನ ತಲೆಮಾರಿನವರು ಕಡಲಿಗಿಂತ ಮೊದಲು ಶಾರ್ಕನ್ನೇ ಕಂಡವರು. ಏಕೆಂದರೆ ಭಾರತದ ಬಿ.ಎಸ್‌ಸಿ. ಪಠ್ಯದಲ್ಲಿ ಬಹುಕಾಲ ಮೀನಿನ ಮಾದರಿಯೆಂದು ಪಾಠವಾಗುತ್ತಿದ್ದದ್ದು ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್, ಅದರ ಅಂಗರಚನೆಯ ಬಗ್ಗೆ ಇ. ಎಂ. ತಿಲ್ಲಯಂಪಲಂ ಅವರ ಗ್ರಂಥ 1928ರಲ್ಲೇ ಪ್ರಕಟವಾಗಿತ್ತು.

ಶಾರ್ಕಿನ ಅಸ್ಥಿಪಂಜರದಲ್ಲಿ ಗಟ್ಟಿ ಮೂಳೆಯಿಲ್ಲ. ಅದು ಮನುಷ್ಯನ ಕಿವಿಯಾಲೆಯಲ್ಲಿರುವಂಥ ಮೃದ್ವಸ್ಥಿಯಿಂದಾದುದು. ಫಾರ್ಮಲಿನ್ ವಾಸನೆಯ ಆ ಮೀನನ್ನು ಮೇಣದ ತಟ್ಟೆಗೆ ಗುಂಡುಸೂಜಿಯಿಂದ ಬಿಗಿದು, ತಲೆಯ ಚರ್ಮ ಸುಲಿದು, ಎಳನೀರಿನ ಗಂಜಿ ಕೆರೆಯುವಷ್ಟು ಹಗುರಾಗಿ ಮೃದ್ವಸ್ಥಿಯನ್ನು ಪದರಪದರವಾಗಿ ಹೆರೆಯುತ್ತ ಹೋದರೆ, ಮೆದುಳಿನಿಂದ ಹೊರಟ ನರಗಳು ಬಿಳಿಯ ದಾರದೆಳೆಗಳಂತೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಅಲಗು ಕೂದಲೆಳೆಯಷ್ಟು ಜಾರಿದರೂ ಇಡೀ ಮಧ್ಯಾಹ್ನದ ಶ್ರಮ ವ್ಯರ್ಥ. ಕೈ ಪಳಗಿದವರು ಒಳಗಿವಿಯ ಕೋಶವನ್ನೂ ಹೆರೆದು, ದೇಹದ ಸಮತೋಲವನ್ನು ಕಾಯುವ ಮೂರು ಅರ್ಧವೃತ್ತಾಕಾರದ ನಾಳಗಳನ್ನು ಮುರಿಯದೆ ಹೊರತೆಗೆಯುತ್ತಿದ್ದರು. ನರದ ಕೆಳಗೆ ಕಪ್ಪು ಕಾಗದದ ಚೂರನ್ನು ತೂರಿಸಿ ಪರೀಕ್ಷಕರ ಕಣ್ಣಿಗೆ ಬೀಳುವಂತೆ ಮಾಡುವುದು ಆ ಕುಸುರಿಯ ಕೊನೆಯ ಶೃಂಗಾರ. ಮೂತಿಯನ್ನು ಒತ್ತಿದಾಗ ಸಣ್ಣ ರಂಧ್ರಗಳಿಂದ ಜಿನುಗುವ ಲೋಳೆಯೂ ಅರ್ಥವಿಲ್ಲದ್ದಲ್ಲ: 1678ರಲ್ಲಿ ಸ್ಟೆಫಾನೊ ಲೊರೆಂಜಿನಿ ವರ್ಣಿಸಿದ ಈ ಕುಡಿಕೆಗಳು ಬೇಟೆಯ ದೇಹದಿಂದ ಹೊಮ್ಮುವ ಅತಿ ಕ್ಷೀಣ ವಿದ್ಯುತ್ತನ್ನು ಗ್ರಹಿಸುವ ಇಂದ್ರಿಯಗಳು.

ಇಷ್ಟು ಪರಿಚಿತವಾದ ಮೀನಿನ ಹೆಸರಿನಲ್ಲೇ ಗೊಂದಲವಿತ್ತೆಂಬುದು ಸ್ವಾರಸ್ಯದ ಸಂಗತಿ. 1964ರಲ್ಲಿ ವಿಕ್ಟರ್ ಸ್ಪ್ರಿಂಗರ್ ಈ ಗುಂಪನ್ನು ಪರಿಷ್ಕರಿಸಿದಾಗ ಸ್ಕೋಲಿಯೋಡಾನ್ ಕುಲದಲ್ಲಿ ಲ್ಯಾಟಿಕಾಡಸ್ ಎಂಬ ಒಂದೇ ಪ್ರಭೇದ ಉಳಿದು, ಹಾಲುಶಾರ್ಕ್ ಮೊದಲಾದವು ರೈಜೊಪ್ರಿಯೊನೊಡಾನ್ ಕುಲಕ್ಕೆ ಸೇರಿದವು. ಹಾಗಾಗಿ ತಟ್ಟೆಯಲ್ಲಿರುವುದು ನಿಜಕ್ಕೂ ಯಾವುದೆಂದು ತಿಳಿಯಬೇಕಾದವರು ಹಣೆಪಟ್ಟಿಯನ್ನು ಬಿಟ್ಟು ಮೀನನ್ನೇ ನೋಡಬೇಕಾಯಿತು. ನಿಜವಾದ ಸ್ಕೋಲಿಯೋಡಾನಿನ ಮೂತಿ ಗಾರೆ ಕೆಲಸದವರ ಕರಣೆಯಂತೆ ಚಪ್ಪಟೆ, ಬೆನ್ನಿನ ಮೊದಲ ಈಜುರೆಕ್ಕೆ ಬಹಳ ಹಿಂದಕ್ಕೆ ಸರಿದಿರುತ್ತದೆ. ಒಂದು ಮೀಟರಿಗೂ ಕಡಿಮೆ ಉದ್ದದ ಈ ಮೀನು ತೀರದ ಆಳವಿಲ್ಲದ ನೀರಿನಲ್ಲಿ, ನದಿಗಳ ಅಳಿವೆಗಳ ಆಸುಪಾಸಿನಲ್ಲಿ, ಹಿಂಡುಹಿಂಡಾಗಿ ಸಿಗಡಿ, ಕಿರುಮೀನುಗಳನ್ನು ತಿಂದು ಬದುಕುತ್ತದೆ. ಗುಜರಾತ್, ಮಹಾರಾಷ್ಟ್ರಗಳ ತೀರದಲ್ಲಿ ಇದು ಹೇರಳ, ಕರ್ನಾಟಕದ ಬಲೆಗಳಿಗೂ ಬೀಳುತ್ತದೆ.

ಇದರ ಮೊಟ್ಟೆ ಸುಮಾರು ಒಂದು ಮಿಲಿಮೀಟರ್ ಮಾತ್ರ, ಶಾರ್ಕುಗಳಲ್ಲೇ ಅತಿ ಕಿರಿದು. ಅಷ್ಟು ಸಣ್ಣ ಮೊಟ್ಟೆಯಲ್ಲಿ ಮರಿಗೆ ಬುತ್ತಿ ಸಾಲದಾದ್ದರಿಂದ ತಾಯಿಯೇ ಜರಾಯುವಿನ, ಅಂದರೆ ಗರ್ಭದಲ್ಲಿ ತಾಯಿಗೂ ಮರಿಗೂ ನಡುವೆ ಪೋಷಣೆ ಸಾಗಿಸುವ ಅಂಗದ, ಮೂಲಕ ಹೊಕ್ಕುಳಬಳ್ಳಿಯಿಂದ ಉಣಿಸುತ್ತದೆ. ಅದೇ ತೀರದ ಬೂದು ಬಿದಿರುಶಾರ್ಕ್ ಮೊಟ್ಟೆಯನ್ನು ಗಟ್ಟಿ ಚೀಲದಲ್ಲಿಟ್ಟು ನೀರಿಗೆ ಒಪ್ಪಿಸಿಬಿಡುತ್ತದೆ. ಸಣ್ಣ ಶಾರ್ಕಿನ ಮಾಂಸ ಬಾಣಂತಿಯ ಎದೆಹಾಲು ಹೆಚ್ಚಿಸುತ್ತದೆಂಬ ನಂಬಿಕೆಯಿಂದಲೇ ಹಾಲುಶಾರ್ಕಿಗೆ ಆ ಹೆಸರು ಬಂದಿದೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಣಿ ಛೇದನವನ್ನು ಕೈಬಿಡುವಂತೆ 2014ರಲ್ಲಿ ಸೂಚಿಸಿದ ಮೇಲೆ ಈ ಕುಸುರಿಯ ಕಾಲ ಮುಗಿಯಿತು. ವರ್ಷವರ್ಷವೂ ಅಷ್ಟು ಮೀನುಗಳು ತಟ್ಟೆಗೆ ಬರುವುದು ತಪ್ಪಿದ್ದು ಒಳ್ಳೆಯದೇ. ಆ ಕೆಲಸ ಕಲಿಸಿದ ತಾಳ್ಮೆ ಮಾತ್ರ ಕೈಬಿಡುವಂಥದ್ದಲ್ಲ. ಮಂಗಳೂರು ಕಡೆಯವರು ತಾಟೆಯೆಂದೂ ಕೊಂಕಣಿಗರು ಮೋರಿಯೆಂದೂ ಕರೆಯುವ ಮರಿಶಾರ್ಕ್ ಬೆಂಗಳೂರಿನ ಮೀನಂಗಡಿಯ ಮಂಜುಗಡ್ಡೆಯ ಮೇಲೆ ಕಂಡಾಗ, ಒಮ್ಮೆ ಈ ವಿದ್ಯೆ ಕಲಿತವರು ಬೆಲೆ ಕೇಳುವ ಮೊದಲು ಬೆನ್ನಿನ ರೆಕ್ಕೆ ಎಲ್ಲಿದೆಯೆಂದು ನೋಡುತ್ತಾರೆ. ಬಳಿಕ ಬಾಲದಿಂದ ತಲೆಯ ಕಡೆಗೆ ಬೆರಳಾಡಿಸಿ, ಹಲ್ಲಿನ ರಚನೆಯನ್ನೇ ಹೋಲುವ ಸೂಕ್ಷ್ಮ ಹುರುಪೆಗಳ ಒರಟುತನವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳುತ್ತಾರೆ.