ಹಳೆಯ ಕಾರು, ಹೊಸ ಟೈರು: ‘ಮೂಲ’ವೆಂಬುದರ ಒಂದು ವಿಚಾರ

ಕಾರಿನ ಬದಲಿ ಚಕ್ರಕ್ಕೆ ಕನ್ನಡದ ಆಡುಮಾತಿನಲ್ಲಿ ‘ಸ್ಟೆಪ್ನಿ’ ಎಂಬ ಹೆಸರು ಬಳಕೆಯಲ್ಲಿದೆ. ಈ ಪದದ ಹುಟ್ಟು ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿದೆ. ಆಗಿನ ಮೋಟಾರುಗಳಲ್ಲಿ ಬದಲಿ ಚಕ್ರವನ್ನು ಒಯ್ಯುವ ರೂಢಿಯಿರಲಿಲ್ಲ. ಟೈರು ಒಡೆದರೆ ರಸ್ತೆಯ ಬದಿಯಲ್ಲೇ ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಅಲ್ಲಿನ ಡೇವಿಸ್ ಸಹೋದರರು ಅರಗಳಿಲ್ಲದ ಬಳೆಯೊಂದಕ್ಕೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಅದನ್ನು ಒಡೆದ ಚಕ್ರಕ್ಕೆ ಬಿಗಿಯುವ ಉಪಾಯವನ್ನು ಮಾರುಕಟ್ಟೆಗೆ ತಂದರು. ಆ ಸಾಧನ ಎಂದೋ ಮರೆಯಾಯಿತು. ಹುಟ್ಟಿದ ನಾಡಿನಲ್ಲಿ ಆ ಪದವೂ ಹೆಚ್ಚು ಕಡಿಮೆ ಮರೆತುಹೋಯಿತು. ಆದರೆ ಭಾರತದ ಪಂಕ್ಚರ್ ಅಂಗಡಿಗಳಲ್ಲಿ ಅದು ಇಂದಿಗೂ ದಿನಬಳಕೆಯ ಮಾತಾಗಿದೆ. ಬಳಸಿದಷ್ಟೂ ಬಾಳುವುದು ಪದದ ಗುಣ. ಟೈರಿನ ಗುಣ ಬೇರೆ: ಅದು ಬಳಸಿದರೂ ಸವೆಯುತ್ತದೆ, ಬಳಸದೆ ಇಟ್ಟರೂ ಸಾಯುತ್ತದೆ.

ಹಳೆಯ ಕಾರುಗಳನ್ನು ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಪದ ‘ಒರಿಜಿನಲ್’. ಎಂಜಿನ್ ಮೂಲದ್ದೇ? ಬಣ್ಣ ಮೂಲದ್ದೇ? ದೀಪದ ಗಾಜು ಮೂಲದ್ದೇ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ಕಾರುಗಳ ಮಟ್ಟಿಗೆ ಈ ಪ್ರಶ್ನೆಗಳು ನೇರವಾದವು. ನಿಂತ ಕಾರಿನ ಟೈರು ಆಕಾರವನ್ನು ಕಾಯ್ದುಕೊಂಡು ಭಾರವನ್ನು ಹೊತ್ತಿದ್ದರೆ ಸಾಕು. ಓಡುವ ಹಳೆಯ ಕಾರಿನ ಸ್ಥಿತಿ ಹಾಗಲ್ಲ. ಅದರ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ಒಳಗೆ ಕುಳಿತವರ ಪ್ರಾಣ ಆ ನಾಲ್ಕು ಅಂಗೈಗಳ ಮೇಲಿರುತ್ತದೆ.

ಮೈಸೂರಿನ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರ ಬಳಿ 1964ರ ಅಂಬಾಸಡರ್ ಮಾರ್ಕ್ 2 ಇದೆ. ವೈದ್ಯರಾಗಿದ್ದ ತಂದೆಯಿಂದ ಬಂದದ್ದು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಶ್ರೇಣಿಯ ಕಾರನ್ನು ಆಧರಿಸಿದ ಈ ಗಾಡಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದೇಶದ ರಸ್ತೆಗಳಲ್ಲಿ ಓಡಿತು. ತಯಾರಿಕೆ ನಿಂತದ್ದು 2014ರಲ್ಲಿ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರ ನಿಯಮಗಳು ಅವಕಾಶ ಕೊಟ್ಟಿವೆಯಾದರೂ, ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದ್ದರಿಂದ ಅಧ್ಯಾಪಕರು ಹಳೆಯ ನೋಂದಣಿಯನ್ನೇ ನವೀಕರಿಸಿಕೊಂಡು ಬಂದಿದ್ದಾರೆ. ಮೇಲುಕೋಟೆಗೆ, ನಂಜನಗೂಡಿಗೆ, ಹಾಸನದ ನೆಂಟರ ಮನೆಗೆ ಆ ಕಾರು ಹೋಗಿಬರುತ್ತದೆ. ಹಿಂದಿನ ಸೀಟಿನಲ್ಲಿ ಹಲವು ಸಲ ಎಂಟು ವರ್ಷದ ಮೊಮ್ಮಗಳೂ ಇರುತ್ತಾಳೆ.

ಗಾಳಿ ಹಾಕಿಸಲು ಹೋದ ಒಂದು ದಿನ ಟೈರು ಅಂಗಡಿಯ ಹಿರಿಯರು ಮುಂದಿನ ಚಕ್ರದ ಪಕ್ಕೆಯನ್ನು ಬೆರಳಿನಿಂದ ಸವರಿ ನೋಡಿದರು.

“ಮೇಷ್ಟ್ರೇ, ಇದನ್ನ ಹಾಕಿಸಿ ಎಷ್ಟು ವರ್ಷ ಆಯ್ತು?”

“ಗ್ರಿಪ್ ಇನ್ನೂ ಚೆನ್ನಾಗಿದೆಯಲ್ಲ? ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಿಸೋದಿಲ್ಲ ನಾನು.”

“ಗ್ರಿಪ್ ಇದೆ ಸಾರ್, ರಬ್ಬರಲ್ಲಿ ಜೀವ ಇಲ್ಲ. ಈ ನಂಬರು ಓದಿ, ನಿಮಗೇ ತಿಳಿಯುತ್ತೆ.”

ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ 0905 ಎಂಬ ಅಂಕಿಗಳಿದ್ದವು. 2000ದಿಂದೀಚೆಗಿನ ಟೈರುಗಳಲ್ಲಿ ಇಂಥ ನಾಲ್ಕು ಅಂಕಿಗಳ ಪೈಕಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಆ ಟೈರು 2005ರ ಒಂಬತ್ತನೆಯ ವಾರದಲ್ಲಿ ತಯಾರಾದದ್ದು. ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವುದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಟ್ಟವರಿಗೆ, ತಮ್ಮ ಮನೆಯ ಗಾಡಿಯ ಮೇಲಿದ್ದ ಕಾಲನಿರ್ದೇಶವನ್ನು ಬೇರೊಬ್ಬರು ಓದಿಸಬೇಕಾಯಿತು.

ರಬ್ಬರಿನ ಮುಪ್ಪು ಸವೆತಕ್ಕಿಂತ ಭಿನ್ನವಾದದ್ದು. ಗಾಳಿಯಲ್ಲಿನ ಆಮ್ಲಜನಕ ಮತ್ತು ಓಜೋನ್ ರಬ್ಬರಿನ ಅಣುಸರಪಳಿಗಳನ್ನು ಕಾಲಕ್ರಮದಲ್ಲಿ ಕೆಡಿಸುತ್ತವೆ. ಬಿಸಿಲು ಮತ್ತು ಶಾಖ ಆ ಕೆಲಸವನ್ನು ಚುರುಕುಗೊಳಿಸುತ್ತವೆ. ಇದನ್ನು ತಡೆಯಲು ತಯಾರಕರು ರಬ್ಬರಿಗೆ ಮೇಣದಂಥ ರಕ್ಷಕ ದ್ರವ್ಯಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳುವಾಗ ಟೈರು ಬಾಗಿ ಬಳುಕಿದಂತೆಲ್ಲ ಅವು ಒಳಗಿನಿಂದ ಮೇಲ್ಮೈಗೆ ಬಂದು ಪದರವಾಗಿ ನಿಲ್ಲುತ್ತವೆ. ಹೆಚ್ಚು ಕಾಲ ಶೆಡ್ಡಿನಲ್ಲಿ ನಿಂತ ಗಾಡಿಗೆ ಈ ರಕ್ಷಣೆಯೂ ಸರಿಯಾಗಿ ದೊರೆಯುವುದಿಲ್ಲ. ‘ಕಡಿಮೆ ಓಡಿಸಿದ್ದೇನೆ, ಆದ್ದರಿಂದ ಟೈರು ಚೆನ್ನಾಗಿದೆ’ ಎಂಬ ಅಧ್ಯಾಪಕರ ತರ್ಕ ತಲೆಕೆಳಗಾದದ್ದು ಇಲ್ಲಿಯೇ. ಬ್ರಿಟನ್ನಿನಲ್ಲಿ 2021ರ ಫೆಬ್ರವರಿಯಿಂದ ಹತ್ತು ವರ್ಷ ಮೀರಿದ ಟೈರುಗಳನ್ನು ಲಾರಿ, ಬಸ್ಸುಗಳ ಮುಂದಿನ ಚಕ್ರಗಳಿಗೆ ಹಾಕುವುದನ್ನು ನಿಷೇಧಿಸಲಾಗಿದೆ. ಖಾಸಗಿ ಕಾರುಗಳಿಗೆ ಆ ನಿಷೇಧವಿಲ್ಲ. ಆದರೆ ಮುಂದಿನ ಟೈರು ಸಿಡಿದರೆ ಸ್ಟೇರಿಂಗ್ ಕೈತಪ್ಪುತ್ತದೆ ಎಂಬ ಕಾರಣ ಎಲ್ಲ ಗಾಡಿಗಳಿಗೂ ಸಮಾನವಾದದ್ದು.

ಟೈರು ಬದಲಿಸಬೇಕೆಂಬುದು ಹೀಗೆ ಖಚಿತವಾಯಿತು. ಯಾವುದನ್ನು ಹಾಕಿಸಬೇಕೆಂಬ ವಿಷಯದಲ್ಲಿ ಮನೆಯೊಳಗೆ ಭಿನ್ನಾಭಿಪ್ರಾಯ ಹುಟ್ಟಿತು.

ಮೊದಲ ಆಯ್ಕೆ ತಾನಾಗಿಯೇ ಒದಗಿಬಂತು. ಪರಿಚಿತರೊಬ್ಬರ ಗೋದಾಮಿನಲ್ಲಿ, ತಂದೆ ಹಾಕಿಸುತ್ತಿದ್ದ ಅದೇ ಮಾದರಿಯ, ಒಮ್ಮೆಯೂ ನೆಲ ಮುಟ್ಟದ ಐದು ಟೈರುಗಳು ಕಾಗದ ಸುತ್ತಿಕೊಂಡು ಉಳಿದಿದ್ದವು. ಅಧ್ಯಾಪಕರಿಗೆ ಅದು ಅಲಭ್ಯ ಪ್ರತಿಯೊಂದು ದೊರೆತಂತಾಯಿತು. ಕಾಗದ ಬಿಚ್ಚಿ ನೋಡಿದಾಗ ಕಂಡದ್ದು ಮೂರು ಅಂಕಿಗಳ ಸಂಕೇತ. ಅಂದರೆ 2000ಕ್ಕೂ ಹಿಂದಿನದು. ಬಳಸದ ಟೈರು ಬೇರೆ, ಹೊಸ ಟೈರು ಬೇರೆ. ಅವನ್ನು ನಿಂತ ಕಾರಿಗೆ ತೊಡಿಸಬಹುದಿತ್ತು, ಓಡುವ ಕಾರಿಗಲ್ಲ. ಅಂಗಡಿಯ ಹಿರಿಯರು ಅವನ್ನು ಚಕ್ರಕ್ಕೆ ಹಾಕಲು ಒಪ್ಪಲೇ ಇಲ್ಲ.

ಎರಡನೆಯದು ಮಗಳ ಆಯ್ಕೆ. “ಅಪ್ಪ, ಮಗು ಕೂರೋ ಗಾಡಿ ಅದು. ನೀವು ರೇಡಿಯಲ್ ಹಾಕಿಸಿ” ಎಂದಳು. ಆಕೆಯ ಮಾತಿನಲ್ಲಿ ಹುರುಳಿತ್ತು. ಅಂಗಡಿಯವರು ‘ನೈಲಾನ್ ಟೈರು’ ಎಂದು ಕರೆಯುವ ಹಳೆಯ ಬಗೆಯಲ್ಲಿ ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓರೆಯಾಗಿ ಹಾಯುತ್ತವೆ. ಒಂದು ಪದರ ಎಡಕ್ಕೆ ಓರೆಯಾದರೆ ಮೇಲಿನದು ಬಲಕ್ಕೆ. ಪಕ್ಕೆ ಬಾಗಿದರೆ ನೆಲ ಮುಟ್ಟುವ ಭಾಗವೂ ಅದರೊಡನೆ ತಿರುಚಿಕೊಳ್ಳುತ್ತದೆ, ಪದರಗಳ ಉಜ್ಜಾಟದಿಂದ ಶಾಖ ಏರುತ್ತದೆ. ಮಿಷೆಲಿನ್ ಸಂಸ್ಥೆ 1946ರಲ್ಲಿ ಪೇಟೆಂಟಿಗೆ ಸಲ್ಲಿಸಿದ ರೇಡಿಯಲ್ ರಚನೆಯಲ್ಲಿ ಎಳೆಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಬೇರೆಯದೇ ಬಿಗಿ ಪಟ್ಟಿಗಳಿರುತ್ತವೆ. ಪಕ್ಕೆ ಎಷ್ಟೇ ಬಾಗಿದರೂ ತಳ ರಸ್ತೆಗೆ ಸಮನಾಗಿ ಅಂಟಿಕೊಂಡಿರುತ್ತದೆ. ಒದ್ದೆ ರಸ್ತೆಯ ಹಿಡಿತ, ತಿರುವಿನ ಸ್ಥಿರತೆ, ಬಾಳಿಕೆ ಈ ಮೂರರಲ್ಲೂ ಅದರದೇ ಮೇಲುಗೈ.

ಆದರೆ ಅಳತೆಯ ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಅಂಬಾಸಡರ್‌ನ ಟೈರು 5.90-15: ಅಗಲ 5.90 ಅಂಗುಲ, ಅಂದರೆ ಸುಮಾರು 150 ಮಿ.ಮೀ.; ಡಿಸ್ಕಿನ ವ್ಯಾಸ 15 ಅಂಗುಲ. ಇದರ ಎತ್ತರಕ್ಕೆ ಹತ್ತಿರ ಬರುವ ರೇಡಿಯಲ್ 175/80 ಆರ್ 15. ಅದರ ಪಕ್ಕೆ 175ರಲ್ಲಿ ನೂರಕ್ಕೆ ಎಂಬತ್ತು, ಅಂದರೆ 140 ಮಿ.ಮೀ.; ಒಟ್ಟು ವ್ಯಾಸ 661 ಮಿ.ಮೀ. ಸುಲಭವಾಗಿ ಸಿಗುತ್ತದೆಂದು ಗಿಡ್ಡ ಪಕ್ಕೆಯ 175/65 ಹಾಕಿಸಿದರೆ ವ್ಯಾಸ 609 ಮಿ.ಮೀ.ಗೆ ಇಳಿಯುತ್ತದೆ. ಆಗ ಗಾಡಿ ನೆಲಕ್ಕೆ ಹತ್ತಿರವಾಗುತ್ತದೆ, ಎಂಜಿನ್ ಹೆಚ್ಚು ಸುತ್ತಬೇಕಾಗುತ್ತದೆ, ವೇಗಮಾಪಕ 60 ತೋರಿಸುವಾಗ ನಿಜವಾದ ವೇಗ 55ರ ಆಸುಪಾಸಿನಲ್ಲಿರುತ್ತದೆ. ಸರಿಯಾದ ಎತ್ತರದ ರೇಡಿಯಲ್ಲೇ ದೊರೆತರೂ ಅದರ ಹೆಚ್ಚಿನ ಅಗಲ ನಿಧಾನ ವೇಗದಲ್ಲಿ ಸ್ಟೇರಿಂಗನ್ನು ಭಾರವಾಗಿಸುತ್ತದೆ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ಟೈರು ತಿರುವಿನ ಒತ್ತಡವನ್ನು ಡಿಸ್ಕಿಗೆ ವರ್ಗಾಯಿಸುತ್ತದೆ, ಆ ಡಿಸ್ಕುಗಳಿಗಾಗಲೇ ಅರವತ್ತು ವರ್ಷ. ಬಣ್ಣ ಕೆರೆದು ನೋಡಿದಾಗ ಐದರಲ್ಲಿ ಎರಡಕ್ಕೆ ಅಂಚಿನಲ್ಲಿ ತುಕ್ಕು ಆಳವಾಗಿ ಇಳಿದಿತ್ತು. ಎರಡು ರೇಡಿಯಲ್, ಎರಡು ನೈಲಾನ್ ಹಾಕಿಸುವ ಮಧ್ಯಮಾರ್ಗವೂ ಸುರಕ್ಷಿತವಲ್ಲ. ಹಿಡಿತ ಹೆಚ್ಚಿನ ಟೈರು ಮುಂದೆ ಬಂದರೆ ತಿರುವಿನಲ್ಲಿ ಹಿಂಭಾಗ ಮೊದಲು ಜಾರುತ್ತದೆ.

ಅಧ್ಯಾಪಕರ ಮನಸ್ಸು ಮಾತ್ರ ಗೋದಾಮಿನ ಟೈರುಗಳನ್ನು ಬಿಟ್ಟು ಬರಲೊಲ್ಲದು. ಅದನ್ನು ಬಿಡಿಸಿದ್ದು ತಂದೆಯ ಖರ್ಚಿನ ಪುಸ್ತಕ. 1964ರಿಂದ 1988ರವರೆಗಿನ ಪುಟಗಳಲ್ಲಿ ಆರು ಸಲ ಟೈರು ಬದಲಿಸಿದ ದಾಖಲೆಯಿತ್ತು. ಮೂರು ಬೇರೆ ಬೇರೆ ಕಂಪನಿಗಳ ಹೆಸರುಗಳಿದ್ದವು. ಪಕ್ಕದಲ್ಲಿ ಬೆಲೆ, ಓಡಿದ ದೂರ, ದಿನಾಂಕ. ಯಾವ ಟೈರನ್ನು ಕುರಿತೂ ಮೋಹದ ಒಂದು ಮಾತಿಲ್ಲ. ರಾತ್ರಿ ಹೆರಿಗೆಗೆ ಹಳ್ಳಿಗಳಿಗೆ ಹೋಗುತ್ತಿದ್ದ ಆ ವೈದ್ಯರು, ಆಯಾ ಕಾಲಕ್ಕೆ ಸಿಕ್ಕ ಗಟ್ಟಿ ಟೈರನ್ನು ಹಾಕಿಸಿಕೊಂಡು ಮುಂದೆ ಹೋಗಿದ್ದರು. ಮಗ ‘ಅಪ್ಪನ ಕಾಲದ ಮೂಲ’ವೆಂದು ಕಾಪಾಡಬಯಸಿದ್ದು ತಂದೆಯ ಪಾಲಿಗೆ ಆರನೆಯ ಬದಲಾವಣೆಯಾಗಿತ್ತು. ಹಳೆಯ ಕೃತಿಯೊಂದರ ಕೊನೆಯ ಪ್ರತಿಯನ್ನೇ ಕವಿಯ ಕೈಬರಹವೆಂದು ಭಾವಿಸುವ ಓದುಗನ ಸ್ಥಿತಿಯಿದು. ತಂದೆಯಿಂದ ನಿಜವಾಗಿ ಉಳಿದುಬಂದದ್ದು ಟೈರಿನ ಮಾದರಿಯಲ್ಲ, ಕಾಲಕಾಲಕ್ಕೆ ಅದನ್ನು ಬದಲಿಸುವ ಶಿಸ್ತು.

ಕೊನೆಗೆ ಆರಿಸಿದ್ದು ಮೂರನೆಯ ದಾರಿ: ಇತ್ತೀಚೆಗೆ ತಯಾರಾದ, ಅದೇ 5.90-15 ಅಳತೆಯ ನೈಲಾನ್ ಟೈರುಗಳು. ಸ್ಟೆಪ್ನಿಯೂ ಸೇರಿ ಐದು, ಐದಕ್ಕೂ ಹೊಸ ಟ್ಯೂಬು. ತುಕ್ಕು ಹಿಡಿದ ಎರಡು ಡಿಸ್ಕುಗಳ ಬದಲು ಬೇರೆಯವು. ರೇಡಿಯಲ್ ಮೇಲೆಂಬ ಮಗಳ ಮಾತನ್ನು ಅಧ್ಯಾಪಕರು ಅಲ್ಲಗಳೆಯಲಿಲ್ಲ. ಟೈರಿನ ಮಿತಿಯನ್ನು ಒಪ್ಪಿಕೊಂಡ ಮೇಲೆ ಓಡಿಸುವವನೂ ಆ ಮಿತಿಗೆ ಒಳಗಾಗಬೇಕೆಂದು ಆಕೆ ಹಾಕಿದ ಷರತ್ತುಗಳನ್ನು ಒಪ್ಪಿದರು. ವೇಗ 60 ದಾಟುವಂತಿಲ್ಲ. ರಾತ್ರಿ ಮಳೆಯಲ್ಲಿ ಗಾಡಿ ತೆಗೆಯುವಂತಿಲ್ಲ. ಬೆಂಗಳೂರಿಗೆ ಹೋಗಬೇಕಾದರೆ 2023ರಲ್ಲಿ ಉದ್ಘಾಟನೆಯಾದ ಹೆದ್ದಾರಿಯ ಮುಖ್ಯ ಪಥವನ್ನು ಬಿಟ್ಟು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಪ್ರತಿ ತಿಂಗಳೂ, ಗಾಡಿ ಹೊರಡದಿದ್ದರೂ, ಹತ್ತು ಕಿಲೋಮೀಟರಾದರೂ ಓಡಿಸಿ ಗಾಳಿ ನೋಡಿಸಬೇಕು.

ಕಳಚಿದ ಟೈರುಗಳಲ್ಲಿ ಒಂದನ್ನು ಹಿರಿಯರು ಮಡಚುವಂತೆ ಒತ್ತಿದಾಗ ಪಕ್ಕೆಯ ಬಿರುಕುಗಳು ಬಾಯಿಬಿಟ್ಟು ಒಳಗಿನ ಎಳೆ ಕಾಣಿಸಿತು. ಹಿಂದಿನ ವಾರವಷ್ಟೇ ಆ ಟೈರು ಮೊಮ್ಮಗಳನ್ನು ಮೇಲುಕೋಟೆಯ ಏರುದಾರಿಯಲ್ಲಿ ಕರೆದೊಯ್ದಿತ್ತು. ಅಧ್ಯಾಪಕರು ಏನೂ ಮಾತಾಡಲಿಲ್ಲ. ಮನೆಗೆ ಬಂದು ತಂದೆಯ ಖರ್ಚಿನ ಪುಸ್ತಕವನ್ನು ತೆರೆದು, 1988ರ ಕೊನೆಯ ದಾಖಲೆಯ ಕೆಳಗೆ ಹೊಸ ಟೈರುಗಳ ನಾಲ್ಕು ಅಂಕಿಗಳನ್ನು ಬರೆದರು. ಅದರ ಮುಂದೆ, ಅವು ಸವೆದಿರಲಿ ಬಿಡಲಿ, ಬದಲಿಸಲೇಬೇಕಾದ ವರ್ಷವನ್ನೂ ಬರೆದಿಟ್ಟರು.