ತಂಬೂರಿಯೂ ಗದ್ದಲವೇ?

ಅಟ್ಟದ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟು ಸಿಕ್ಕಿದರೆ ದಯವಿಟ್ಟು ಅದನ್ನು ಸ್ಪಿರಿಟ್ ಹಾಕಿ ಒರೆಸಬೇಡಿ. ಧೂಳಿನ ಜೊತೆಗೆ ಹಾಡೂ ಕರಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಆ ಕಾಲದ ಪ್ಲೇಟಿಗೆ ಮೈಕಟ್ಟು ಕೊಟ್ಟದ್ದು ಅರಗು, ಪ್ಲಾಸ್ಟಿಕ್ಕಲ್ಲ. ಅರಗಿಗೂ ಸ್ಪಿರಿಟ್ಟಿಗೂ ಅತಿಸ್ನೇಹ. ಬಡಗಿಗಳು ಮೇಜು ಕುರ್ಚಿಗೆ ಪಾಲಿಶ್ ಹಚ್ಚುವುದು ಆ ಸ್ನೇಹವನ್ನು ನಂಬಿಕೊಂಡೇ. ಭಟ್ಟಿ ಇಳಿಸಿದ ನೀರು, ಮೆತ್ತನೆಯ ಬ್ರಷ್ಷು, ಸ್ವಲ್ಪ ತಾಳ್ಮೆ ಇದ್ದರೆ ಪ್ಲೇಟಿನ ಸ್ನಾನ ಮುಗಿಯಿತು.

ಒಂದು ಕಾಲಕ್ಕೆ ಜಗತ್ತಿನ ಪ್ಲೇಟುಗಳಿಗೆ ಬೇಕಾದ ಅರಗು ಬಹುಪಾಲು ನಮ್ಮ ದೇಶದ್ದೇ. ಛೋಟಾನಾಗಪುರದ ಕಡೆಯ ಮುತ್ತುಗದ ಕೊಂಬೆಗಳ ಮೇಲೆ ಸಾಸಿವೆಗಿಂತ ಸಣ್ಣ ಹುಳುಗಳು ಒಸರಿದ ಅಂಟು ಹಡಗು ಹತ್ತಿ ಹೋಗಿ ಇಟಲಿಯ ಕರೂಸೋನ ಕಂಠವನ್ನೂ ಹೊತ್ತುಕೊಂಡಿತು. ಪಾಂಡವರನ್ನು ಅರಗಿನ ಮನೆಯಿಂದ ಹೊರತರಲು ವಿದುರ ಸುರಂಗ ತೋಡಿಸಿದ. ನಮ್ಮ ಗವಾಯಿಗಳೂ ಅರಗಿನೊಳಗೇ ಕೂತು ಅಂಥ ಒಬ್ಬ ವಿದುರನಿಗೆ ಕಾಯಬೇಕಾಯಿತು. ಈಗ ಕಂಪ್ಯೂಟರ್ ಹಿಡಿದ ವಿದುರರು ಬೇಕಾದಷ್ಟು ಜನ ಬಂದಿದ್ದಾರೆ. ತಕರಾರು ಇಷ್ಟೇ: ಕೆಲವರು ಸುರಂಗ ತೋಡುವ ಗೋಜಿಗೆ ಹೋಗದೆ ಮನೆಗೇ ಬೆಂಕಿ ಇಡುತ್ತಾರೆ.

ನಿಜವಾಗಿ ಬಲ್ಲವರ ಕೆಲಸ ಕಂಪ್ಯೂಟರಿಗಿಂತ ಮೊದಲೇ ಅರ್ಧ ಮುಗಿದಿರುತ್ತದೆ. ಪ್ಲೇಟಿನ ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಸವೆದು ಗೀರಿನ ಆಕಾರಕ್ಕೆ ಕೂತುಕೊಳ್ಳಲಿ ಎಂದು. ಹಾಗಾಗಿ ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕೆಂಬುದು ಕಂಪನಿಯ ಕಟ್ಟಪ್ಪಣೆ. ಯಾರು ಹಾಕಿದರು? ಮುಳ್ಳಿನ ಡಬ್ಬಿ ಮುಗಿದ ಮನೆಗಳಲ್ಲಿ ಮೊಂಡಾದ ಮುಳ್ಳೇ ಗೀರನ್ನು ಉತ್ತು ಹಾಕಿತು. ಇಂದಿನ ಕುಶಲಿ ಮಾಡುವ ಉಪಾಯ ನನಗೆ ಬಹಳ ಹಿಡಿಸುತ್ತದೆ. ಅಳತೆ ಬೇರೆ ಬೇರೆ ಇರುವ ಮುಳ್ಳುಗಳನ್ನು ಇಟ್ಟುಕೊಂಡು, ಹಳೆಯದು ಸವೆಸಿದ ಜಾಗಕ್ಕಿಂತ ಕೊಂಚ ಮೇಲೆ ಅಥವಾ ಕೊಂಚ ಕೆಳಗೆ ಕೂರುವುದನ್ನು ಹುಡುಕುತ್ತಾನೆ. ಎಂಬತ್ತು ವರ್ಷ ಯಾರೂ ಮುಟ್ಟದ ಗೋಡೆ ಅಲ್ಲಿ ಉಳಿದಿರುತ್ತದೆ. ಎಲ್‌ಪಿಗೆ ಹಾಕುವ ಮುಳ್ಳನ್ನೇ ಇಲ್ಲಿಗೂ ಇಳಿಸಿದರೆ, ಅದರ ಗಾತ್ರ ಇದರ ಮೂರನೆಯ ಒಂದು ಪಾಲು, ಗೀರಿನ ತಳದ ಕಸದಲ್ಲಿ ಉರುಳಾಡುತ್ತದೆ. ಕೇಳುವುದು ಬರೀ ಕರಕರ.

ಇನ್ನು ವೇಗ. 78 ಎಂಬುದು ನಾವು ಆಮೇಲೆ ಇಟ್ಟ ಹೆಸರು. ಮೊದಮೊದಲ ಪ್ಲೇಟುಗಳು ಒಂದು 72, ಒಂದು 80, ಹೀಗೆ ಆ ದಿನದ ಯಂತ್ರದ ಮನಸ್ಸಿಗೆ ಬಂದಷ್ಟು ತಿರುಗಿದವು. 74ರಲ್ಲಿ ಕೊರೆದದ್ದನ್ನು 78ರಲ್ಲಿ ಓಡಿಸಿದರೆ ಶ್ರುತಿ ಹಾರ್ಮೋನಿಯಂನಲ್ಲಿ ಹತ್ತಿರಹತ್ತಿರ ಒಂದು ಮನೆ ಮೇಲೇರಿ ಕೂರುತ್ತದೆ, ತಾನಗಳು ಬೆನ್ನಟ್ಟಿ ಬಂದವರಂತೆ ಓಡುತ್ತವೆ. ಹಳೆಯ ಗವಾಯಿಗಳು ಮಿಂಚಿನ ವೇಗದಲ್ಲಿ ಹಾಡುತ್ತಿದ್ದರು ಎಂಬ ದಂತಕಥೆಯಲ್ಲಿ ಮೋಟಾರಿನ ಪಾಲೂ ಇದ್ದೀತು.

ಹಾಗಾದರೆ ಸರಿಯಾದ ಶ್ರುತಿ ಯಾವುದು? ಗಾಯಕರ ಆಮೇಲಿನ ಧ್ವನಿ ಕೇಳಿ ಸರಿಪಡಿಸಿ ಎನ್ನುವವರಿಗೆ ನಮ್ಮ ಗಂಗೂಬಾಯಿ ಹಾನಗಲ್ ಒಬ್ಬರೇ ಸಾಕು. 1930ರ ದಶಕದ ಮೊದಲ ಪ್ಲೇಟುಗಳಲ್ಲಿ ಅವರ ಹೆಸರು ಗಾಂಧಾರಿ ಹಾನಗಲ್. ಧ್ವನಿ ತೆಳು, ಎತ್ತರ, ಹುಡುಗಿಯದು. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬಂದ ಆ ಗಂಭೀರ, ಗಂಡುಕಳೆಯ ಕಂಠವನ್ನಷ್ಟೇ ಬಲ್ಲವನ ಕೈಗೆ ಆ ಪ್ಲೇಟು ಸಿಕ್ಕಿತೆಂದುಕೊಳ್ಳಿ. ವೇಗ ಹೆಚ್ಚಾಗಿದೆಯೆಂದು ತಗ್ಗಿಸುತ್ತಾನೆ, ಇನ್ನೂ ತಗ್ಗಿಸುತ್ತಾನೆ, ಕೊನೆಗೆ ಗಾಂಧಾರಿಯನ್ನು ಗಂಗೂಬಾಯಿ ಮಾಡಿಯೇ ವಿರಮಿಸುತ್ತಾನೆ! ಇಪ್ಪತ್ತರ ಹರೆಯದ ಆ ಹುಡುಗಿ ಮಾತ್ರ ಎಲ್ಲಿಯೂ ಉಳಿಯುವುದಿಲ್ಲ.

ನನ್ನ ದೊಡ್ಡ ಜಗಳ ಗದ್ದಲ ತೆಗೆಯುವ ತಂತ್ರಾಂಶದೊಂದಿಗೆ. ಅದರ ತರ್ಕ ಸರಳ. ಎಡೆಬಿಡದೆ ಒಂದೇ ಸಮನೆ ಕೇಳುವುದು ಗದ್ದಲ, ಅದನ್ನು ಕಳೆ. ತಟಕ್ಕನೆ ಎದ್ದು ತಟಕ್ಕನೆ ಅಡಗುವುದು ಗೀರಿನ ಸದ್ದು, ಅದನ್ನೂ ಕಳೆ. ಪಿಯಾನೋ ಇರುವ ಊರಿನಲ್ಲಿ ಇದು ನಡೆದೀತು. ನಮ್ಮಲ್ಲಿ ಎಡೆಬಿಡದೆ ಒಂದೇ ಸಮನೆ ಕೇಳುವುದು ಯಾವುದು ಸ್ವಾಮಿ? ತಂಬೂರಿ. ತಟಕ್ಕನೆ ಎದ್ದು ಅಡಗುವುದು? ತಬಲಾದ ‘ನಾ’, ಮೃದಂಗದ ಚಾಪು. ಗುಂಡಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಿದರೆ ತಂಬೂರಿ ಸೊರಗುತ್ತದೆ, ತಬಲಾದವನು ಕೈಗೆ ಬಟ್ಟೆ ಸುತ್ತಿಕೊಂಡಂತಾಗುತ್ತದೆ, ಗಾಯಕರು ಬಾವಿಯ ನೀರೊಳಗಿಂದ ಗುಳುಗುಳು ಹಾಡುತ್ತಾರೆ. 1925ರ ಮೊದಲು ಪ್ಲೇಟು ಕೊರೆಯುವಲ್ಲಿ ಮೈಕೇ ಇರಲಿಲ್ಲ. ತಗಡಿನ ಕಹಳೆಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. ತಂಬೂರಿಯ ನಾದ ಅದರೊಳಗೆ ಇಳಿದದ್ದೇ ಅಷ್ಟಕ್ಕಷ್ಟೆ. ಆಮೇಲೆ ಮೈಕು ಬಂದು ಹಿಡಿದುಕೊಟ್ಟ ಅಷ್ಟಿಷ್ಟನ್ನೂ ಈಗ ‘ಸ್ವಚ್ಛ’ ಮಾಡುವುದೆಂದರೆ ಏನರ್ಥ! ಸ್ವಲ್ಪ ಸುಯ್ಗುಟ್ಟಲಿ ಬಿಡಿ. ಎರಡು ನಿಮಿಷದಲ್ಲಿ ಕಿವಿ ತಾನಾಗಿಯೇ ಅದನ್ನು ಬದಿಗೆ ಸರಿಸುತ್ತದೆ. ಮದುವೆ ಮನೆಯ ಗಲಾಟೆಯಲ್ಲೂ ನಾಗಸ್ವರ ಕೇಳಿ ಬೆಳೆದ ಕಿವಿಗಳು ನಮ್ಮವು.

ಮರುಬಿಡುಗಡೆ ಮಾಡುವವರು ಜೊತೆಯ ಪುಸ್ತಿಕೆಯಲ್ಲಿ ಗಾಯಕರ ಬಿರುದಾವಳಿಯನ್ನು ಒಂದೆರಡು ಸಾಲು ಕಡಿಮೆ ಮಾಡಿ, ಯಾವ ಮುಳ್ಳು, ಯಾವ ವೇಗ, ಏನೇನು ತೆಗೆದೆವು ಎಂದು ಬರೆದರೆ ಪುಣ್ಯ ಬಂದೀತು. ಮುಟ್ಟದೆ ಬಿಟ್ಟ ಒಂದು ಪ್ರತಿಯನ್ನು ಹಾಗೆಯೇ ಕಾದಿಡುವುದಂತೂ ಕಡ್ಡಾಯವಾಗಬೇಕು. ನಾಳೆ ಇನ್ನೊಬ್ಬ ವಿದುರ ಬಂದಾನು.

ತೆಗೆಯುವ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕೋಲ್ಕತ್ತದಲ್ಲಿ ಗಾಯಕಿ ಗೋಹರ್ ಜಾನ್‌ರ ಹಾಡು ಕೊರೆದುಕೊಂಡಾಗ, ಪ್ಲೇಟು ಅಚ್ಚಾಗಬೇಕಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ, ಅದಕ್ಕೇ ಹಾಡು ಮುಗಿದದ್ದೇ ‘ಮೈ ನೇಮ್ ಈಸ್ ಗೋಹರ್ ಜಾನ್’ ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಎಂಥ ಠೀವಿ ಆ ಕೂಗಿನಲ್ಲಿ! ಕೊನೆಗಾಲಕ್ಕೆ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ಕೂಗು ಸಂಗೀತವಲ್ಲ, ಕತ್ತರಿಸೋಣ ಎನ್ನುವ ಸಂಪಾದಕರೂ ಇದ್ದಾರೆ. ಹಾಗೆ ಮಿಗಿಸಿದ ಮೂರು ಸೆಕೆಂಡಿನಲ್ಲಿ ಅವರು ಮಾಡಬೇಕೆಂದಿರುವ ಘನಕಾರ್ಯ ಯಾವುದೋ ಕಾಣೆ.